ಕೆಮ್ಮು ಎಲ್ಲಿಂದ ಬಂತು ಅಂತ ಹುಡುಕುತ್ತಾ ಊಟದ ಕೋಣೆಗೆ ಹೋದೆ

ಒಂಬತ್ತನೇ ಬೆಡ್‌ನ ಅಜ್ಜಿ ಸೊಂಟದ ಮೂಳೆ ಮುರಿದು ಸೇರಿದ್ದವರು. ಬರುವಾಗ ಕೆಮ್ಮಿರಲಿಲ್ಲ, ನೆಗಡಿಯೂ ಇರಲಿಲ್ಲ. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಆರನೇ ದಿನ ಬೆಳಿಗ್ಗೆ ಜ್ವರ, ಮೈಕೈ ನೋವು, ಒಣ ಕೆಮ್ಮು. ಸ್ವಾಬ್ ಕಳಿಸಿದೆವು. ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಅಂತ ರಿಪೋರ್ಟ್ ಬಂತು. ಈ ವೈರಸ್ ಮೈಗೆ ಹೊಕ್ಕರೆ 1ರಿಂದ 4 ದಿನದೊಳಗೆ ಲಕ್ಷಣ ತೋರಿಸುತ್ತದೆ. ಅಜ್ಜಿ ಬಂದು ಆರು ದಿನವಾಗಿತ್ತು. ಅಂದಮೇಲೆ ಇದು ಮನೆಯಿಂದ ತಂದದ್ದಲ್ಲ, ಆಸ್ಪತ್ರೆಯಲ್ಲಿ ನಾವು ಅಂಟಿಸಿದ್ದು.

ಆಗ ನನಗೆ ‘ಸೋಂಕು ನಿಯಂತ್ರಣದ ಸಿಸ್ಟರ್’ ಅಂತ ಹೊಸ ಹೆಸರು ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೆ ನಾನು ಮಾಡಿದ್ದ ಘನಂದಾರಿ ಕೆಲಸ ಅಂದರೆ ಪೋಸ್ಟರ್ ಅಂಟಿಸಿದ್ದು. ‘ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ’, ‘ಮಾಸ್ಕ್ ಹಾಕಿಕೊಳ್ಳಿ’. ಲಿಫ್ಟ್ ಬಾಗಿಲನ್ನೂ ಬಿಟ್ಟಿರಲಿಲ್ಲ. ಅದೇ ಪೋಸ್ಟರ್ ಕೆಳಗೆ ನಿಂತು ಜನ ನೆಮ್ಮದಿಯಾಗಿ ಕೆಮ್ಮುತ್ತಿದ್ದರು.

ಅವತ್ತು ರಾತ್ರಿ ಒಂದು ದೊಡ್ಡ ಹಾಳೆ ತೆಗೆದುಕೊಂಡೆ. ಅಡ್ಡಕ್ಕೆ ತಾರೀಖು, ಉದ್ದಕ್ಕೆ ಹೆಸರು. ಕಳೆದ ಎರಡು ವಾರದಲ್ಲಿ ಜ್ವರ, ಕೆಮ್ಮು ಬಂದವರಿಗೆಲ್ಲ ಒಂದೊಂದು ಸಾಲು. ರೋಗಿಗಳಿಗೆ ಕೆಂಪು ಪೆನ್ನು, ಸಿಬ್ಬಂದಿಗೆ ನೀಲಿ. ಹಾಜರಿ ಪುಸ್ತಕ ನೋಡಿ ರಜೆ ಹಾಕಿದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎಲ್ಲ ತುಂಬಿಸಿ ನೋಡಿದರೆ, ನೀಲಿ ಗೆರೆಗಳೆಲ್ಲ ಕೆಂಪು ಗೆರೆಗಳಿಗಿಂತ ಮೊದಲೇ ಶುರುವಾಗಿದ್ದವು. ರೋಗಿಗಳಿಂದ ನಮಗೆ ಬಂದೀತು ಅಂತ ನಾವು ಹೆದರುತ್ತಿದ್ದೆವು. ಹಾಳೆ ಉಲ್ಟಾ ಹೇಳುತ್ತಿತ್ತು.

ನೀಲಿಯಲ್ಲಿ ಆರು ಹೆಸರು. ಇಬ್ಬರು ಸಿಸ್ಟರ್‌ಗಳು, ಒಬ್ಬ ಲ್ಯಾಬ್ ಟೆಕ್ನಿಶಿಯನ್, ಒಬ್ಬರು ಆಯಾ, ಒಬ್ಬರು ಜೂನಿಯರ್ ಡಾಕ್ಟ್ರು. ಆರನೆಯವರ ವಿಷಯ ಆಮೇಲೆ ಹೇಳುತ್ತೇನೆ. ಒಬ್ಬೊಬ್ಬರದು ಒಂದೊಂದು ವಾರ್ಡು, ಬೇರೆ ಬೇರೆ ಮಹಡಿ. ಕೆಲಸದ ಹೊತ್ತಿನಲ್ಲಿ ಇವರು ಒಬ್ಬರಿಗೊಬ್ಬರು ಸಿಗುವುದೇ ಕಡಿಮೆ. ಎಲ್ಲರೂ ಸೇರುವುದು ಒಂದೇ ಕಡೆ, ಮಧ್ಯಾಹ್ನ ಸ್ಟಾಫ್ ಊಟದ ಕೋಣೆಯಲ್ಲಿ.

ವಾರ್ಡಿನಲ್ಲಿ ಮಾಸ್ಕ್ ಬಿಗಿಯಾಗಿ ಹಾಕಿರುತ್ತೇವೆ, ಊಟದ ಕೋಣೆಗೆ ಬಂದ ತಕ್ಷಣ ತೆಗೆದು ಜೇಬಿಗಿಡುತ್ತೇವೆ. ಮೊಣಕೈಗೆ ಮೊಣಕೈ ತಾಗಿಸಿ ಕೂತು, ನಗಾಡುತ್ತಾ, ಜೋರಾಗಿ ಮಾತಾಡುತ್ತಾ ಅರ್ಧ ಗಂಟೆ ಕಳೆಯುತ್ತೇವೆ. ಅಲ್ಲಿದ್ದದ್ದು ಒಂದೇ ಕಿಟಕಿ. ಅದಕ್ಕೆ ಅಡ್ಡವಾಗಿ ಹಳೇ ಫೈಲುಗಳ ಬೀರು. ಎಂಜಿನಿಯರಿಂಗ್ ವಿಭಾಗದವರ ಹತ್ತಿರ ಕಾರ್ಬನ್ ಡೈಆಕ್ಸೈಡ್ ಮೀಟರ್ ಇತ್ತು, ಎರವಲು ತಂದು ಮೇಜಿನ ಮೇಲಿಟ್ಟೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಎಷ್ಟು ಪಾಲು ಅಂತ ಹೇಳುವ ಮೀಟರ್ ಅದು. ಹೊರಗಿನ ಗಾಳಿಯಲ್ಲಿ 420ರ ಆಸುಪಾಸು ತೋರಿಸುತ್ತದೆ. ಒಳಗೆ 800 ದಾಟಿತು ಅಂದರೆ ಗಾಳಿ ಸಾಲದು, ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಅಂತ ಲೆಕ್ಕ. ಹನ್ನೆರಡು ಜನ ಕೂತು ಕಾಲು ಗಂಟೆಯಾಗುವಷ್ಟರಲ್ಲಿ ಮೀಟರ್ 1500 ದಾಟಿತ್ತು. ಊಟ ಮಾಡುತ್ತಿದ್ದವರೆಲ್ಲ ಡಬ್ಬಿ ಬಿಟ್ಟು ಮೀಟರನ್ನೇ ನೋಡತೊಡಗಿದರು. ನಾಲ್ಕು ತಿಂಗಳ ಪೋಸ್ಟರಿಗೆ ಆಗದ್ದು ಆ ಒಂದು ಅಂಕಿಗೆ ಆಯ್ತು.

ಮರುದಿನವೇ ಬೀರು ಹೊರಗೆ ಹೋಯ್ತು, ಕಿಟಕಿ ತೆರೆಯಿತು. ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಕುರ್ಚಿಗಳಲ್ಲಿ ಅರ್ಧ ತೆಗೆಸಿದೆ. ‘ಇಲ್ಲಿ ಕೂರಬೇಡಿ’ ಅಂತ ಚೀಟಿ ಅಂಟಿಸಿದರೆ ಚೀಟಿ ಕಿತ್ತು ಕೂರುತ್ತಾರೆ. ಕುರ್ಚಿಯೇ ಇಲ್ಲದಿದ್ದರೆ ಕೂರುವುದೆಲ್ಲಿ? ಊಟವನ್ನು ಎರಡು ಪಾಳಿ ಮಾಡಿದೆವು. ಹರಟೆಗೆ ಹೊರಗಿನ ಜಗುಲಿಯಲ್ಲಿ ಬೆಂಚು ಹಾಕಿಸಿದೆ. ಒಂದು ತಿಂಗಳು ನನ್ನನ್ನು ‘ಗಾಳಿ ಸಿಸ್ಟರ್’ ಅಂತ ಕರೆಯುತ್ತಿದ್ದರು. ಕರೀಲಿ ಬಿಡಿ.

ಅಲ್ಲಿಂದ ಮುಂದೆ ಜನರಿಗೆ ಬುದ್ಧಿ ಹೇಳುವುದನ್ನು ಕಡಿಮೆ ಮಾಡಿ, ಮೇಜು, ಕುರ್ಚಿ, ಕಿಟಕಿ ಸರಿಸುವುದನ್ನು ಜಾಸ್ತಿ ಮಾಡಿದೆ.

ಒಪಿಡಿಯ ರಿಜಿಸ್ಟ್ರೇಶನ್ ಕೌಂಟರಿನಲ್ಲಿ “ಕೆಮ್ಮು ಇದೆಯಾ?” ಅಂತ ಕೇಳುವ ನಿಯಮ ಮೊದಲೇ ಇತ್ತು. ಎಲ್ಲರೂ “ಇಲ್ಲ” ಅನ್ನುತ್ತಿದ್ದರು, ಹೇಳಿ ಮುಗಿಸುವ ಮೊದಲೇ ಕೆಮ್ಮುತ್ತಿದ್ದರು. ಹೌದು ಅಂದರೆ ಎಲ್ಲಿ ವಾಪಸ್ ಕಳಿಸುತ್ತಾರೋ ಅನ್ನುವ ಭಯ. ಪ್ರಶ್ನೆ ಬದಲಿಸಿದೆವು. “ಈ ವಾರ ಕೆಮ್ಮು, ನೆಗಡಿ, ಜ್ವರ ಏನಾದ್ರೂ ಬಂದಿತ್ತಾ? ಇದ್ದವರನ್ನು ಆ ಕಡೆ ಬೇಗ ನೋಡ್ತಾರೆ.” ಕೊನೆಯ ವಾಕ್ಯ ಸುಳ್ಳಾಗಬಾರದು ಅಂತ ಒಬ್ಬ ಡಾಕ್ಟರನ್ನು ನಿಜವಾಗಿಯೂ ಆ ಕಡೆ ಕೂರಿಸಿದೆವು. ಅವತ್ತಿನಿಂದ ಜನ ತಾವಾಗಿಯೇ ಹೇಳತೊಡಗಿದರು. ಕೆಮ್ಮದವರೂ ಒಂದಿಬ್ಬರು ಕೆಮ್ಮಿ ತೋರಿಸಿದ್ದುಂಟು!

ಹೌದು ಅಂದವರ ಕೈಗೆ ಚೀಟಿಯ ಜೊತೆಗೇ ಮಾಸ್ಕ್. ಸಾಧಾರಣ ಸರ್ಜಿಕಲ್ ಮಾಸ್ಕ್ ಸಾಕು. ಕೆಮ್ಮುವವರ ಬಾಯಿಗೆ ಹಾಕಿದ ಮಾಸ್ಕು ಹನಿಗಳನ್ನು ಹೊರಟಲ್ಲೇ ಹಿಡಿಯುತ್ತದೆ. ಒಮ್ಮೆ ಕೋಣೆಯೊಳಗೆ ಹರಡಿದವೋ, ಆಮೇಲೆ ಹಿಡಿಯುವುದು ಕಷ್ಟ. ಇವರು ಕಾಯುವ ಕುರ್ಚಿಗಳನ್ನು ಹೊರಗಿನ ಜಗುಲಿಗೆ ಹಾಕಿಸಿದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದವರಿಗೆ ಅವತ್ತೇ ಕಫ ಪರೀಕ್ಷೆ, ಟಿಬಿ ಇದೆಯೋ ಇಲ್ಲವೋ ನೋಡಲು.

ಇಲ್ಲೂ ಒಂದು ಎಡವಟ್ಟು ಕಂಡಿತು. ಕಫದ ಡಬ್ಬಿ ಕೊಟ್ಟು ಕಳಿಸಿದರೆ ಜನ ನೇರ ಟಾಯ್ಲೆಟ್ಟಿಗೆ ಹೋಗುತ್ತಿದ್ದರು. ಎಲ್ಲರೆದುರು ಕ್ಯಾಕರಿಸಲು ಯಾರಿಗೆ ತಾನೇ ಇಷ್ಟ? ಆದರೆ ಟಾಯ್ಲೆಟ್ ಅಂದರೆ ಕಿಟಕಿಯಿಲ್ಲದ ಡಬ್ಬಿ. ಒಬ್ಬರು ಎದೆಯಾಳದಿಂದ ಕೆಮ್ಮಿ ಬಂದ ಮರುಗಳಿಗೆ ಇನ್ನೊಬ್ಬರು ಒಳಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಕಟ್ಟಡದ ಹಿಂದಿನ ಬಯಲಲ್ಲಿ ಮೂರು ಕಡೆ ತಗಡಿನ ಮರೆ ಕಟ್ಟಿಸಿ, ಮೇಲೆ ಬಯಲಾಗಿಯೇ ಬಿಟ್ಟೆವು. ಬಿಸಿಲು, ಗಾಳಿ ಎರಡೂ ಬೀಳುತ್ತವೆ, ಯಾರೂ ನೋಡುವುದಿಲ್ಲ.

ಗಾಳಿಯ ಬಗ್ಗೆ ನನಗೆ ಇಷ್ಟೊಂದು ಹುಚ್ಚು ಯಾಕೆ ಅಂದರೆ, ಅದಕ್ಕೊಂದು ಹಳೇ ಪ್ರಯೋಗ ಕಾರಣ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ವೆಲ್ಸ್, ರಿಚರ್ಡ್ ರೈಲಿ ಮತ್ತವರ ಜೊತೆಯವರು ಒಂದು ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮಹಡಿಗೆ ಎಳೆದು, ಅಲ್ಲಿ ಸಾಕಿದ್ದ ಗಿನಿ ಇಲಿಗಳಿಗೆ ಬಿಟ್ಟರು. ಇಲಿಗಳು ರೋಗಿಯನ್ನು ಕಂಡೂ ಇರಲಿಲ್ಲ, ಮುಟ್ಟಿಯೂ ಇರಲಿಲ್ಲ. ಆದರೂ ಟಿಬಿ ಬಂತು. ಅದೇ ಗಾಳಿಯನ್ನು ಅಲ್ಟ್ರಾವಯಲೆಟ್ ದೀಪದ ಮುಂದೆ ಹಾಯಿಸಿ ಬಿಟ್ಟ ಇನ್ನೊಂದು ಗುಂಪಿಗೆ ಬರಲಿಲ್ಲ. ಇದನ್ನು ಓದಿದ ಮೇಲೆ ಮುಚ್ಚಿದ ಕಿಟಕಿ ಕಂಡರೆ ನನ್ನ ಕೈ ಸುಮ್ನಿರಲ್ಲ.

ನಮ್ಮ ಐಸೊಲೇಶನ್ ಕೋಣೆ 4 ಮೀಟರ್ ಉದ್ದ, 3 ಅಗಲ, 3 ಎತ್ತರ. ಅಂದರೆ 36 ಘನ ಮೀಟರ್ ಗಾಳಿ. ಟಿಬಿ, ದಡಾರ, ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸ್, ಇಂಥ ಗಾಳಿಯಲ್ಲಿ ಹರಡುವ ರೋಗದವರ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಗಬೇಕು. 36ನ್ನು 12ರಿಂದ ಗುಣಿಸಿದರೆ 432. ಗಂಟೆಗೆ ಅಷ್ಟು ಘನ ಮೀಟರ್ ಗಾಳಿ ಎಳೆಯುವ ಫ್ಯಾನ್ ಬೇಕು. ಇದ್ದ ಫ್ಯಾನಿನ ಲೇಬಲ್ ನೋಡಿದರೆ ಅದರ ಅರ್ಧವೂ ಇರಲಿಲ್ಲ. ಏಸಿ ಇದೆಯಲ್ಲ ಅಂದರು. ಸಾಮಾನ್ಯ ಸ್ಪ್ಲಿಟ್ ಏಸಿ ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಫ್ಯಾನ್ ಬದಲಿಸಿದ ಮೇಲೆ ದಿನಾ ಒಂದು ಸಣ್ಣ ಪರೀಕ್ಷೆ. ಟಿಶ್ಯೂ ಪೇಪರಿನ ಬೆರಳಗಲದ ಚೂರನ್ನು ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಗೆ ಹಿಡಿಯುತ್ತೇನೆ. ಚೂರು ಕೋಣೆಯ ಒಳಗಡೆಗೆ ಎಳೆದುಕೊಂಡರೆ ಸರಿ, ಕಾರಿಡಾರಿನ ಗಾಳಿ ಒಳಗೆ ಹೋಗುತ್ತಿದೆ. ನನ್ನ ಕಡೆಗೆ ಹಾರಿದರೆ ಒಳಗಿನ ಗಾಳಿ ಹೊರಗೆ ಬರುತ್ತಿದೆ ಅಂತ. ಊದುಬತ್ತಿ ಹೊಗೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಆಕ್ಸಿಜನ್ ಓಡುವ ಕಡೆ ಕಿಡಿ ತರುವಂತಿಲ್ಲ. ಒಂದು ದಿನ ಚೂರು ನನ್ನ ಕಡೆ ಹಾರಿತು. ಒಳಗೆ ನೋಡಿದರೆ ಸದ್ದು ಜಾಸ್ತಿ ಅಂತ ಯಾರೋ ಫ್ಯಾನ್ ಆಫ್ ಮಾಡಿದ್ದರು. ಸ್ವಿಚ್ಚನ್ನು ಹೊರಗೆ ಹಾಕಿಸಿದೆ.

ರೋಗಿ ಕೋಣೆ ಬಿಟ್ಟ ಮೇಲೂ ಆತುರ ಬೇಡ. ಗಂಟೆಗೆ 12 ಸಲ ಬದಲಾಗುವ ಗಾಳಿಯಲ್ಲೂ ತೇಲುವ ಕಣಗಳು ಶೇಕಡಾ 99ರಷ್ಟು ಹೋಗಲು 23 ನಿಮಿಷ ಬೇಕು. 6 ಸಲವಾದರೆ 46 ನಿಮಿಷ. ಎರಡೇ ಸಲವಾದರೆ ಎರಡು ಗಂಟೆಗೂ ಮೀರುತ್ತದೆ. ಮೊದಲೆಲ್ಲ ಸ್ಟ್ರೆಚರ್ ಆಚೆ ಹೋಗುತ್ತಿದ್ದಂತೆ ಆಯಾ ಬಕೆಟ್ ಹಿಡಿದು ಒಳಗೆ ಹೋಗುತ್ತಿದ್ದರು. ಈಗ ಬಾಗಿಲಿಗೆ ಒಂದು ಗಡಿಯಾರದ ಚಿತ್ರ ತೂಗುಹಾಕಿ, ಎಷ್ಟು ಗಂಟೆಗೆ ಒಳಹೋಗಬಹುದು ಅಂತ ಮುಳ್ಳು ತಿರುಗಿಸಿಡುತ್ತೇವೆ.

ಗಾಳಿಯ ಸಣ್ಣ ಕಣಗಳನ್ನೂ ಸೋಸುವ ಎನ್95 ಮಾಸ್ಕಿನ ಕಥೆಯೇ ಬೇರೆ. ಹಾಕಿಕೊಂಡರೆ ಮುಗೀತು ಅಂದುಕೊಂಡಿದ್ದೆವು. ಮಾಸ್ಕ್ ಮುಖಕ್ಕೆ ಸಂದಿಯಿಲ್ಲದೆ ಕೂರುತ್ತದೋ ಅಂತ ನೋಡುವ ಫಿಟ್ ಟೆಸ್ಟ್ ಶುರುಮಾಡಿದಾಗ ಹಾಗಲ್ಲ ಅಂತ ಗೊತ್ತಾಯಿತು. ಮೊದಲು ಮಾಸ್ಕ್ ಇಲ್ಲದೆ ತಲೆಗೆ ಪಾರದರ್ಶಕ ಹುಡ್ ಹಾಕಿ, ಸ್ಯಾಕರಿನ್ ನೀರನ್ನು ಮಂಜಿನ ಹಾಗೆ ಒಳಗೆ ಬಿಡುತ್ತೇವೆ, ನಾಲಿಗೆಗೆ ಸಿಹಿ ಗೊತ್ತಾಗುತ್ತದೋ ನೋಡಲು. ಆಮೇಲೆ ಮಾಸ್ಕ್ ಹಾಕಿಸಿ, ಇನ್ನೂ ಗಟ್ಟಿ ದ್ರಾವಣ. ಉಸಿರೆಳೆಯಿರಿ, ತಲೆ ಅತ್ತಿತ್ತ ತಿರುಗಿಸಿ, ಮೇಲೆ ಕೆಳಗೆ ನೋಡಿ, ಮಾತಾಡಿ, ಬಗ್ಗಿ. ಸಿಹಿ ಗೊತ್ತಾಗದಿದ್ದರೆ ಪಾಸ್. ಗಡ್ಡ ಬಿಟ್ಟಿದ್ದ ಜೂನಿಯರ್ ಡಾಕ್ಟ್ರೊಬ್ಬರನ್ನು ಮೊದಲು ಗಡ್ಡ ತೆಗೆದು ಬನ್ನಿ ಅಂದೆ. ಎನ್95 ಕೂರುವ ಕಡೆ ಕೂದಲಿದ್ದರೆ ಸಂದಿ ಬಿಡುತ್ತದೆ. ಅವರು ನಂಬಲಿಲ್ಲ, ಹಾಗೇ ಮಾಡಿ ನೋಡೋಣ ಅಂದರು. ಸರಿ ಅಂತ ಮಾಸ್ಕಿನ ಮೇಲೆ ಹುಡ್ ಹಾಕಿ, ಮಂಜು ಬಿಡುವ ಪಂಪನ್ನು ಒಂದೆರಡು ಸಲ ಒತ್ತಿದೆ ಅಷ್ಟೆ. “ಸಿಸ್ಟರ್, ಬಾಯೆಲ್ಲ ಪಾಯಸ!” ಅಂದರು. ಮರುದಿನ ನುಣ್ಣಗೆ ಬೋಳಿಸಿಕೊಂಡು ಬಂದರು. ನನ್ನ ಮುಖಕ್ಕೂ ಅಲ್ಲಿಯವರೆಗೆ ಬಳಸುತ್ತಿದ್ದ ಮಾಸ್ಕು ಕೂರುತ್ತಿರಲಿಲ್ಲ. ಬೇರೆ ಅಳತೆಯದು ಸರಿಹೋಯ್ತು.

ಕೈ ತೊಳೆಯುವ ಬಗ್ಗೆ ಎಲ್ಲರಿಗೂ ಗೊತ್ತು, ಉದ್ದ ಬರೆಯಲ್ಲ. ಹ್ಯಾಂಡ್ ರಬ್ (ಸ್ಯಾನಿಟೈಸರ್) ಬಾಟಲಿಯನ್ನು ಸಿಂಕಿನ ಹತ್ತಿರದಿಂದ ತೆಗೆದು ಪ್ರತಿ ಬೆಡ್‌ನ ಕಾಲ ಬಳಿ ಸಿಕ್ಕಿಸಿದೆ, ಬಳಕೆ ಹೆಚ್ಚಿತು. ಮಾಸ್ಕ್ ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜುವವರನ್ನು ನೋಡಿದಾಗ ಈಗಲೂ ಎದೆ ಧಸಕ್ಕೆನ್ನುತ್ತದೆ. ಔಷಧಿಯನ್ನು ಮಂಜು ಮಾಡಿ ಉಸಿರಾಡಿಸುವ ನೆಬ್ಯುಲೈಸರ್ ಹಾಕಿದರೆ ರೋಗಿಯ ಉಸಿರಿನ ಹನಿಗಳೂ ಕೋಣೆಗೆ ಹರಡಬಹುದು ಅಂತ, ಡಾಕ್ಟ್ರು ಒಪ್ಪಿದ ಕಡೆ, ಅದರ ಬದಲು ಸ್ಪೇಸರ್ ಅನ್ನುವ ಕೊಳವೆ ಹಾಕಿದ ಇನ್‌ಹೇಲರ್ ಕೊಡುತ್ತೇವೆ. ರೋಗಿ ಜೊತೆ ಒಬ್ಬರೇ ಇರಬೇಕು ಅನ್ನುವ ನಿಯಮ ಕಾಗದದಲ್ಲಿದೆ.

ಇನ್ನು ಆ ಆರನೆಯ ಹೆಸರು. ಅದು ನನ್ನದೇ. ಅಜ್ಜಿಗೆ ಜ್ವರ ಬರುವ ಮೂರು ದಿನದ ಹಿಂದೆ ನನಗೆ ಗಂಟಲು ಕೆರೆತ, ಮೈ ಬೆಚ್ಚಗೆ. ಪ್ಯಾರಾಸಿಟಮಾಲ್ ನುಂಗಿ ಡ್ಯೂಟಿಗೆ ಬಂದಿದ್ದೆ. ಆಡಿಟ್ ಇತ್ತು, ಬಿಡುವಂತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅಜ್ಜಿ ಕರೆದು ದಿಂಬು ಸರಿ ಮಾಡಮ್ಮಾ ಅಂದಿದ್ದರು, ಮಾಡಿ ಹೋಗಿದ್ದೆ. ಬಗ್ಗಿದಾಗ ಮಾಸ್ಕ್ ಗಲ್ಲಕ್ಕಿಳಿದಿತ್ತೋ ಏನೋ, ನೆನಪಿಲ್ಲ. ನನ್ನಿಂದಲೇ ಹೋಯ್ತು ಅನ್ನಲು ಪುರಾವೆಯಿಲ್ಲ. ಅಲ್ಲ ಅನ್ನಲೂ ಇಲ್ಲ.

ಹಾಳೆಯಲ್ಲಿ ನನ್ನ ಹೆಸರನ್ನೂ ನೀಲಿಯಲ್ಲೇ ಬರೆದು ಮೀಟಿಂಗಿಗೆ ತೆಗೆದುಕೊಂಡು ಹೋದೆ. ಜ್ವರ ಬಂದವರು ಡ್ಯೂಟಿಗೆ ಬರುವುದು ನಿಷ್ಠೆ ಅಂತ ನಾವೆಲ್ಲ ನಂಬಿದ್ದೆವು. ರಜೆ ಹಾಕಿದರೆ ಪಕ್ಕದವರ ಮೇಲೆ ಡಬಲ್ ಡ್ಯೂಟಿ ಬೀಳುತ್ತದೆ, ಯಾರಿಗೆ ಬೇಕು ಆ ಮುನಿಸು? ಅದಕ್ಕೇ ರಜೆಯ ನಿಯಮಕ್ಕಿಂತ ಮೊದಲು ಬದಲಿ ಜನರ ಪಟ್ಟಿ ಕೇಳಿದೆ. ಪ್ರತಿ ಪಾಳಿಗೆ ಒಬ್ಬರು ಮೀಸಲು. ಔಷಧಿ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆಗುವವರೆಗೆ ಯಾರೂ ವಾರ್ಡಿಗೆ ಬರುವಂತಿಲ್ಲ. ಒಪ್ಪಿಸಲು ಐದು ತಿಂಗಳು ಬೇಕಾಯ್ತು. ಫ್ಯಾನ್ ಹಾಕಿಸಲು ಬರೀ ಒಂದು ವಾರ! ವರ್ಷಕ್ಕೊಮ್ಮೆ ಫ್ಲೂ ಲಸಿಕೆಯೂ ಜೊತೆಗೆ ಸೇರಿತು. ಮೊದಲ ಸೂಜಿ ನಾನೇ ಚುಚ್ಚಿಸಿಕೊಂಡೆ.

ಅಜ್ಜಿ ಚೇತರಿಸಿಕೊಂಡು, ಹೋಗಬೇಕಿದ್ದ ದಿನಕ್ಕಿಂತ ಹತ್ತು ದಿನ ತಡವಾಗಿ ಮನೆಗೆ ಹೋದರು. ಹೊರಡುವಾಗ ನಾನು ಹಾಳೆಯ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ನೀನು ಹುಷಾರಾದೆಯಾ?” ಅಂತ ಕೇಳಿದರು.

ಈಗ ನನ್ನ ಜಗಳ ರಾತ್ರಿ ಪಾಳಿಯ ಜೊತೆ. ಚಳಿಯಾಗುತ್ತದೆ ಅಂತ ರೋಗಿಗಳು ಕಿಟಕಿ ಮುಚ್ಚಿಸುತ್ತಾರೆ, ಅವರದೂ ತಪ್ಪಲ್ಲ. ಹೆಚ್ಚುವರಿ ಕಂಬಳಿ ಕೇಳಿ ಬರೆದಿದ್ದೇನೆ. ಅಲ್ಲಿಯವರೆಗೆ ಕಾಲ ಕಡೆಯ ಕಿಟಕಿಯನ್ನು ಒಂದು ಗೇಣು ತೆರೆದು, ಮುಚ್ಚದ ಹಾಗೆ ಮರದ ತುಂಡು ಸಿಕ್ಕಿಸಿಟ್ಟು ಬರುತ್ತೇನೆ. ಬೆಳಿಗ್ಗೆ ಹೋಗಿ ನೋಡಿದರೆ ಮೂರರಲ್ಲಿ ಒಂದು ತುಂಡು ಮಾಯವಾಗಿರುತ್ತದೆ.