ಫಾರ್ಮ್ಯಾಟ್ ಮಾಡದೆ ವಿಂಡೋಸ್ ದಾಟಿಸಿದ್ದು: ನನ್ನ ಅನುಭವ

ಉಡುಪಿ ಕೃಷ್ಣಮಠದ ಪೂಜೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಪರ್ಯಾಯ, ಅದರಲ್ಲಿ ಪುತ್ತಿಗೆ ಮಠದ ಸರದಿಗೆ ಒಂದು ತಿಂಗಳಿರುವಾಗ ಹೊಸ ಡಿಸ್ಕಿಗೆ ದಾಟಿಸಿದ ವಿಂಡೋಸ್, ಮೊನ್ನೆ ಶಿರೂರು ಮಠದ ಪರ್ಯಾಯದ ಕರಪತ್ರಗಳನ್ನೂ ಮುಗಿಸಿಕೊಟ್ಟಿತು. 2024ರ ಜನವರಿ 18ರಿಂದ 2026ರ ಜನವರಿ 18ರವರೆಗೆ, ಪೂರ್ತಿ ಎರಡು ವರ್ಷ. ಒಂದೇ ಒಂದು ದಿನ ಪರವಾನಗಿ ಕೇಳಲಿಲ್ಲ. "ಇದು ಆಗುವ ಕೆಲಸ ಅಲ್ಲ ಮಾರಾಯರೇ, ಆಯಿತೆಂದರೂ ಆರು ತಿಂಗಳು ನಿಲ್ಲುವುದಿಲ್ಲ" ಎಂದಿದ್ದ ರಿಪೇರಿಯವರಿಗೂ, ಕುಂದಾಪುರ ಮತ್ತು ಮಂಗಳೂರಿನ ನನ್ನ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ) ಗೆಳೆಯರಿಗೂ ಈಗ ವಿವರವಾಗಿ ಹೇಳಬಹುದು ಅನ್ನಿಸಿತು.

ಉಡುಪಿಯ ಕಲ್ಸಂಕದ ಹತ್ತಿರ ನನ್ನ ಡಿಟಿಪಿ ಅಂಗಡಿ. ಯಂತ್ರ 2012ರದ್ದು, ವಿಂಡೋಸ್ 7 ಕಂಪನಿಯಿಂದಲೇ ಹಾಕಿ ಬಂದದ್ದು. 2016ರ ಜುಲೈಯಲ್ಲಿ ಉಚಿತ ಅವಧಿ ಮುಗಿಯುವ ವಾರ ಅದನ್ನು ವಿಂಡೋಸ್ 10ಕ್ಕೆ ಏರಿಸಿದ್ದೆ, ಅದೇ 32 ಬಿಟ್. ಹೊಸ ಯಂತ್ರ ಯಾಕೆ ಕೊಳ್ಳಲಿಲ್ಲ ಎಂದು ಡಿಟಿಪಿಯವರು ಕೇಳುವುದಿಲ್ಲ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಹದಿನೈದು ವರ್ಷಗಳ ಕಡತಗಳು, ಯುನಿಕೋಡ್ ಅಲ್ಲದ ಫಾಂಟುಗಳು, ಪ್ರಿಂಟರ್ ಪೋರ್ಟಿಗೆ ಚುಚ್ಚುವ ಹಳೆಯ ಡಾಂಗಲ್ (ಅದು ಚುಚ್ಚಿದ್ದರೆ ಮಾತ್ರ ತಂತ್ರಾಂಶ ತೆರೆಯುತ್ತದೆ), ಇವೆಲ್ಲ ಹೊಸ ಯಂತ್ರದಲ್ಲಿ ನಡೆಯುತ್ತವೆಂಬ ಭರವಸೆ ಇಲ್ಲ. ಭೂತದ ನೇಮ, ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನ ಮೇಳದ ಆಟ ಎಂದು ಪ್ರತಿವರ್ಷ ಬರುವ ಗಿರಾಕಿ "ಹೋದ ವರ್ಷದ್ದೇ ಇರಲಿ, ತಾರೀಖು ಮಾತ್ರ ಬದಲಿಸಿ" ಎನ್ನುತ್ತಾರೆ. ಹೋದ ವರ್ಷದ್ದು ತೆರೆಯದಿದ್ದರೆ ನನ್ನ ಅಂಗಡಿಯೇ ಇಲ್ಲ.

2023ರ ಡಿಸೆಂಬರ್ ಮೊದಲ ವಾರ ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ಮಲ್ಪೆ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಇಲ್ಲಿ ಎಲ್ಲ ಲೋಹವೂ ಬೇಗ ಮಂಕಾಗುತ್ತದೆ, ಹಾಗಾಗಿ ಮೊದಲು ಡಿಸ್ಕಿನ ಹಸಿರು ಸರ್ಕ್ಯೂಟ್ ಹಲಗೆ ಬಿಚ್ಚಿ ಸಂಪರ್ಕ ಬಿಂದುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಇದರಿಂದ ಬದುಕಿದ ಡಿಸ್ಕುಗಳನ್ನು ನಾನೇ ಕಂಡಿದ್ದೇನೆ, ಇದು ಬದುಕಲಿಲ್ಲ. ಆಮೇಲೆ ಮಾಡಬಾರದ್ದನ್ನು ಮಾಡಿದೆ: ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ತಿದ್ದುವ ವಿಂಡೋಸ್ ಸಲಕರಣೆ) ಓಡಿಸಿದೆ. ಓದಲಾಗದ ಸೆಕ್ಟರುಗಳು (ಡಿಸ್ಕಿನಲ್ಲಿ ಮಾಹಿತಿ ಕೂರುವ ಪುಟ್ಟ ಖಾನೆಗಳು) 40ರ ಆಸುಪಾಸಿನಲ್ಲಿದ್ದವು, ಬೆಳಿಗ್ಗೆ ನೋಡಿದರೆ 140 ದಾಟಿದ್ದವು.

ರಿಪೇರಿ ಅಂಗಡಿಯವರು ಹೇಳಿದ ಲೆಕ್ಕ: ಹೊಸ ಡಿಸ್ಕು, ಹೊಸ ವಿಂಡೋಸ್, ಕೂಲಿ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ. ಫಾಂಟ್ ತಂತ್ರಾಂಶದವರಿಗೆ ಫೋನ್ ಮಾಡಿದರೆ ಹೊಸ ಕೀಗೆ ಇನ್ನೊಂದು ಆರು ಸಾವಿರ. ಒಟ್ಟು ಇಪ್ಪತ್ತು ಸಾವಿರ ಕೊಟ್ಟರೂ ಹಳೆಯ ಕಡತ ತೆರೆಯುತ್ತದೆ ಎಂದು ಯಾರೂ ಬರೆದುಕೊಡಲಿಲ್ಲ.

ಪರವಾನಗಿ ಡಿಸ್ಕಿನಲ್ಲಿದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನ್ನ ಯಂತ್ರದಲ್ಲಿ ಅದು ಮದರ್‌ಬೋರ್ಡಿಗೆ ಕಟ್ಟಿದ್ದು. ವಿಂಡೋಸ್ 10ಕ್ಕೆ ಏರಿದ ದಿನವೇ ಮೈಕ್ರೋಸಾಫ್ಟ್ ಸರ್ವರಿನಲ್ಲಿ ಈ ಯಂತ್ರದ ಗುರುತು ಬರೆದಾಗಿತ್ತು, ಡಿಸ್ಕ್ ಬದಲಾದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ತೊಂದರೆ ಇದ್ದದ್ದು ಫಾಂಟ್ ತಂತ್ರಾಂಶದ್ದು. ಒಂದು ಹಳೆಯ 120 ಜಿಬಿ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ, ವೇಗದ ಚಿಪ್ಪಿನ ಡಿಸ್ಕು) ಹೊಸದಾಗಿ ವಿಂಡೋಸ್ ಹಾಕಿ ನೋಡಿದೆ. ವಿಂಡೋಸ್ ತಾನಾಗಿ ಆಕ್ಟಿವೇಟ್ ಆಯಿತು, ಫಾಂಟ್ ತಂತ್ರಾಂಶ ಮಾತ್ರ ಹೊಸ ಕೀ ಕೇಳಿತು. ಅದು ನೋಡುತ್ತಿದ್ದದ್ದು ಸಿ ಡ್ರೈವಿನ ವಾಲ್ಯೂಮ್ ಸಂಖ್ಯೆ. ಫಾರ್ಮ್ಯಾಟ್ ಮಾಡಿದರೆ ಆ ಸಂಖ್ಯೆ ಬದಲಾಗುತ್ತದೆ, ಸೆಕ್ಟರ್ ಸೆಕ್ಟರಾಗಿ ನಕಲು ಮಾಡಿದರೆ ಹಾಗೆಯೇ ಬರುತ್ತದೆ. ಅಲ್ಲಿಗೆ ನಿರ್ಧಾರವಾಯಿತು: ಫಾರ್ಮ್ಯಾಟ್ ಬೇಡ, ಮನೆಯನ್ನು ಕೆಡವದೆ ಇಡಿಯಾಗಿ ಎತ್ತಿಡುವುದು.

ಮೊದಲ ಪ್ರಯತ್ನ ಯುಎಸ್‌ಬಿ ಡಾಕ್‌ನಲ್ಲಿ (ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಪೀಠ), ಎಲ್ಲರೂ ಬಳಸುವ ಕ್ಲೋನಿಂಗ್ ಅಂದರೆ ಇಡೀ ಡಿಸ್ಕ್ ನಕಲು ಮಾಡುವ ತಂತ್ರಾಂಶದಿಂದ. ಹನ್ನೊಂದು ಗಂಟೆ ಓಡಿ 70 ಶೇಕಡಾ ದಾಟಿದಲ್ಲಿ ನಿಂತಿತು. ಕೆಟ್ಟ ಸೆಕ್ಟರ್ ಸಿಕ್ಕಿದಲ್ಲಿ ಪಟ್ಟು ಹಿಡಿದು ಕೂರುವುದು ಅದರ ಸ್ವಭಾವ. ಡಾಕ್‌ಗಳ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ: ಕೆಲವು ಡಾಕ್‌ಗಳು ಸೆಕ್ಟರಿನ ಅಳತೆಯನ್ನೇ 512ರ ಬದಲು 4096 ಎಂದು ತೋರಿಸುತ್ತವೆ. ಅದರಲ್ಲಿ ಮಾಡಿದ ನಕಲನ್ನು ಬೋರ್ಡಿನಿಂದ ಬರುವ ಸಾಟಾ ಕೇಬಲಿಗೆ ನೇರವಾಗಿ ಹಾಕಿದರೆ ಖಾಲಿ ಡಿಸ್ಕಿನಂತೆ ಕಾಣುತ್ತದೆ. ಅಂದಿನಿಂದ ಕ್ಲೋನ್ ಎಂದರೆ ಎರಡೂ ಡಿಸ್ಕು ಬೋರ್ಡಿಗೇ ನೇರ.

ಎರಡನೆಯ ತಪ್ಪು ಹಣದ್ದು. ನಾನೂರೈವತ್ತು ರೂಪಾಯಿ ಉಳಿಸಲು 500ರ ಬದಲು 480 ಜಿಬಿ ಎಸ್‌ಎಸ್‌ಡಿ ತಂದೆ, ಎರಡು ಸಾವಿರದ ಮುನ್ನೂರೋ ಏನೋ. ಹಳೆಯ ಡಿಸ್ಕು 500ರದ್ದು. ಇಪ್ಪತ್ತು ಜಿಬಿ ಕಡಿಮೆ ಬಿದ್ದ ಮೇಲೆ ಇಡಿಯಾಗಿ ಹೇಗೆ ಕೂರಬೇಕು? ಸಾಯುತ್ತಿರುವ ಡಿಸ್ಕಿನ ಮೇಲೆಯೇ ಪಾರ್ಟಿಶನ್ (ಸಿ ಡ್ರೈವಿನಂಥ ಡಿಸ್ಕಿನ ಭಾಗ) ಕುಗ್ಗಿಸುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಎರಡು ಜಿಗಿತದ ದಾರಿ ಹಿಡಿದೆ. ಮೊದಲು ಜೀವ ಉಳಿಸುವುದು, ಕುಗ್ಗಿಸುವುದು ಆಮೇಲೆ.

ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಮನೆಯಲ್ಲಿ ಬಿದ್ದಿದ್ದ 1 ಟಿಬಿ ಡಿಸ್ಕಿಗೆ ನಕಲಾಗುವಂತೆ ಡಿಡಿರೆಸ್ಕ್ಯೂ ಎಂಬ, ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ತಂತ್ರಾಂಶ ಹಚ್ಚಿದೆ. ಅದು ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಮೊದಲ ಸುತ್ತು ಮೂರು ಗಂಟೆ. ಉಳಿದ ಅರ್ಧ ಶೇಕಡಾ ಎರಡು ರಾತ್ರಿ ಎಳೆಯಿತು. ಎರಡನೆಯ ರಾತ್ರಿ ಕರೆಂಟು ಹೋಯಿತು, ಯುಪಿಎಸ್ ಇಪ್ಪತ್ತು ನಿಮಿಷಕ್ಕೆ ಕೈಕೊಟ್ಟಿತು. ಎಲ್ಲಿಯವರೆಗೆ ಓದಿದೆ ಎಂಬ ಮ್ಯಾಪ್ ಕಡತವನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟಿದ್ದರಿಂದ ಬೆಳಿಗ್ಗೆ ನಿಂತಲ್ಲಿಂದಲೇ ಮುಂದುವರಿಯಿತು. ಕೊನೆಗೆ ಬಿಟ್ಟುಹೋದದ್ದು 200 ಕೆಬಿಯಷ್ಟು. ನನ್ನ ಕಣ್ಣಿಗೆ ಬಿದ್ದ ನಷ್ಟ ಒಂದೇ, ಹಳೆಯ ಮೇಳವೊಂದರ ಕರಪತ್ರದ ಫೋಟೊ, ವೇಷದ ಕಿರೀಟದಿಂದ ಕೆಳಗೆ ಬೂದು ಬಣ್ಣ.

ಚೆಕ್‌ಡಿಸ್ಕ್ ಓಡಿಸಬೇಕಾದದ್ದು ಈಗ, ಈ ನಕಲಿನ ಮೇಲೆ. ಆಮೇಲೆ ಕುಗ್ಗಿಸಲು ಹೋದರೆ ವಿಂಡೋಸ್ 9 ಜಿಬಿಗಿಂತ ಹೆಚ್ಚು ಬಿಡಲಿಲ್ಲ. ಜಾಗ ಬಿಡದೆ ಕೂತಿರುವ ವಿಂಡೋಸಿನ ಸ್ವಂತ ಕಡತಗಳೇ ಅದಕ್ಕೆ ಅಡ್ಡಿ. ಹೈಬರ್ನೇಶನ್ ನಿಲ್ಲಿಸಿ, ಪೇಜ್ ಫೈಲ್ ತೆಗೆದು, ರಿಸ್ಟೋರ್ ಪಾಯಿಂಟುಗಳನ್ನು ಅಳಿಸಿದ ಮೇಲೆ 60 ಜಿಬಿ ಸಿಕ್ಕಿತು.  ಮತ್ತೆ ಕ್ಲೋನ್‌ಜಿಲ್ಲಾ ಎಂಬ ಉಚಿತ ಕ್ಲೋನಿಂಗ್ ತಂತ್ರಾಂಶದಲ್ಲಿ, ಗುರಿ ಡಿಸ್ಕಿನ ಅಳತೆ ಪರೀಕ್ಷಿಸಬೇಡ ಎಂಬ ಆಯ್ಕೆ ಕೊಟ್ಟು ಎಸ್‌ಎಸ್‌ಡಿಗೆ ಇಳಿಸಿದೆ. ನಲವತ್ತು ನಿಮಿಷ.

ಯಂತ್ರ ಎದ್ದಿತು. ಆದರೆ ವೇಗವೇ ಇಲ್ಲ! ಅರ್ಧ ದಿನ ಆಮಂತ್ರಣ ಪತ್ರಿಕೆ ಮಾಡಿದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. ನಾನು ಕೂತಿದ್ದು 1 ಟಿಬಿ ಡಿಸ್ಕಿನ ಮೇಲೆ, ಎಸ್‌ಎಸ್‌ಡಿ ಪಕ್ಕದಲ್ಲಿ ಆಫ್‌ಲೈನ್ ಬಿದ್ದಿತ್ತು. ಎರಡರ ಗುರುತಿನ ಸಂಖ್ಯೆಯೂ ಒಂದೇ, ವಿಂಡೋಸ್ ಒಂದನ್ನು ಮೂಲೆಗೆ ತಳ್ಳಿತ್ತು. ಅರ್ಧ ದಿನದ ಕೆಲಸವನ್ನು ಪೆನ್‌ಡ್ರೈವಿನಲ್ಲಿ ಹೊರಬೇಕಾಯಿತು. ಮೊದಲ ಸಲ ಎಬ್ಬಿಸುವಾಗ ಹಳೆಯದರ ಕೇಬಲ್ ಕಿತ್ತಿರಲೇಬೇಕು. ಕಿತ್ತು ಎಬ್ಬಿಸಿದೆ, ಮೂರೂವರೆ ನಿಮಿಷ ತಿನ್ನುತ್ತಿದ್ದ ಯಂತ್ರ ಮೂವತ್ತು ಸೆಕೆಂಡಿನೊಳಗೆ ಡೆಸ್ಕ್‌ಟಾಪಿಗೆ ಬಂತು. ಮಡದಿ ಪ್ರೂಫ್ ನೋಡುತ್ತಿದ್ದವಳು ಎದ್ದು ಬಂದು ನೋಡಿದಳು. ವಿಂಡೋಸ್ ಪರವಾನಗಿಯ ಸ್ಥಿತಿ ತಿಳಿಸುವ ಎಸ್‌ಎಲ್‌ಎಂಜಿಆರ್ ಆಜ್ಞೆ ಕೊಟ್ಟು ಕೇಳಿದೆ: ಶಾಶ್ವತವಾಗಿ ಆಕ್ಟಿವೇಟ್ ಆಗಿದೆ ಎಂಬ ಉತ್ತರ. ಫಾಂಟ್ ತಂತ್ರಾಂಶ ಏನೂ ಕೇಳದೆ ತೆರೆಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೂ ವೇಗ ಬೇಕೆಂದು ಬಯಾಸ್‌ನಲ್ಲಿ (ಯಂತ್ರ ಏಳುವ ಮೊದಲಿನ ಸೆಟ್ಟಿಂಗು) ಡಿಸ್ಕ್ ಜತೆ ಮಾತಾಡುವ ವಿಧಾನ ಹಳೆಯ ಐಡಿಇ ಇದ್ದುದನ್ನು ಹೊಸ ಎಎಚ್‌ಸಿಐ ಮಾಡಿದೆ, ವಿಂಡೋಸ್ ಏಳದೆ ದೋಷದ ನೀಲಿ ತೆರೆ ಬಂತು. ಹಿಂದಿನಂತೆ ಐಡಿಇ ಮಾಡಿ ಎಬ್ಬಿಸಿ, ಮುಂದಿನ ಸಲ ಸೇಫ್ ಮೋಡಿನಲ್ಲಿ (ಅಗತ್ಯ ಚಾಲಕಗಳಷ್ಟೇ ಓಡುವ ಸ್ಥಿತಿ) ಏಳು ಎಂದು ಹೇಳಿ, ಮರುಪ್ರಾರಂಭದ ನಡುವೆ ಬಯಾಸ್ ಬದಲಿಸಿದರೆ ವಿಂಡೋಸ್ 10 ತಾನೇ ಚಾಲಕವನ್ನು ಹೊಂದಿಸಿಕೊಳ್ಳುತ್ತದೆ. ಸೇಫ್ ಮೋಡ್ ತೆಗೆಯಲು ಮರೆಯಬಾರದು, ಅಷ್ಟೇ.

ಕುತೂಹಲಕ್ಕೆ ಅದೇ ನಕಲನ್ನು ಮಂಗಳೂರಿನಿಂದ ತಂದ ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೂ ಹಾಕಿ ನೋಡಿದೆ. ಎದ್ದಿತು, ಆದರೆ ವಿಂಡೋಸ್ ಕೂಡಲೇ ಪರವಾನಗಿ ಕೇಳಿತು. ಬೋರ್ಡು ಬೇರೆ, ಕೇಳಲೇಬೇಕು. ಆ ಯಂತ್ರಕ್ಕೆ ನನ್ನಲ್ಲಿದ್ದ ಪೆಟ್ಟಿಗೆಯಲ್ಲಿ ಕೊಂಡ ರೀಟೇಲ್ ಕೀಯನ್ನು ಬೇರೊಂದು ಹಳೆಯ ಕಂಪ್ಯೂಟರಿನಿಂದ ತೆಗೆದು ಇದಕ್ಕೆ ಹಾಕಿ, ಫೋನ್ ಆಕ್ಟಿವೇಶನ್ ಮಾಡಿಸಿದೆ. ರೀಟೇಲ್ ಕೀ ಹೀಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಬಹುದು, ಯಂತ್ರದ ಜತೆ ಬಂದದ್ದು ಹೋಗುವಂತಿಲ್ಲ.

ಒಟ್ಟು ಖರ್ಚು ಎರಡು ಸಾವಿರದ ಆರುನೂರರ ಒಳಗೆ, ಹೊಸ ಸಾಟಾ ಕೇಬಲ್ ಸೇರಿ. ನಿದ್ದೆಗೆಟ್ಟ ರಾತ್ರಿ ಐದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ದಿನ ಈ ಯಂತ್ರದ ಇಂಟರ್ನೆಟ್ ಕೇಬಲನ್ನು ನಾನೇ ಕಿತ್ತೆ. ಕಡತಗಳ ಓಡಾಟ ಈಗ ಪೆನ್‌ಡ್ರೈವಿನಲ್ಲಿ, ಬೇರೆ ಯಂತ್ರದಲ್ಲಿ ವೈರಸ್ ನೋಡಿದ ಮೇಲೆ.

ಅಂದು ಇದು ಆಗದು ಎಂದು ತಲೆಯಾಡಿಸಿದ್ದ ಕುಂದಾಪುರದ ಗೆಳೆಯ ನಿನ್ನೆ ಬಸ್ಸಿನಲ್ಲಿ ತನ್ನ 320 ಜಿಬಿ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾರೆ. ಚೆಕ್‌ಡಿಸ್ಕ್ ಓಡಿಸಿದಿರಾ ಎಂದು ಮೊದಲು ಕೇಳಿದೆ. ಇಲ್ಲವಂತೆ. ಇಂದು ರಾತ್ರಿ ಡಿಡಿರೆಸ್ಕ್ಯೂಗೆ ಹಚ್ಚುತ್ತೇನೆ.