ಅಡಿಕೆಯಷ್ಟು ಭೂಮಿ, ಮೆಣಸಿನ ಕಾಳಿನಷ್ಟು ಚಂದ್ರ

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಅಡಿಕೆ ರಾಶಿ ಹಾಕುವ ಕೋಣೆಯ ಮಾಡಿನಲ್ಲಿ ಒಂದು ಹೆಂಚು ಮುಕ್ಕಾಗಿ ಸಣ್ಣ ತೂತಾಗಿತ್ತು. ಮಳೆಗಾಲದಲ್ಲಿ ಅದರ ಕೆಳಗೆ ಬಕೆಟ್ಟು. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಒಂದು ಬಿಸಿಲಿನ ಬಿಲ್ಲೆ. ತೂತು ಮೂರು ಮೂಲೆಯದು, ಬಿಲ್ಲೆ ಮಾತ್ರ ಗುಂಡಗೆ. ಚಿಕ್ಕಂದಿನಿಂದ ಅದನ್ನು ನೋಡುತ್ತಲೇ ಇದ್ದೆ. ಯಾಕೆ ಗುಂಡಗಿದೆ ಅಂತ ಅನುಮಾನ ಬಂದದ್ದು ನಾನೇ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಲು ಸೇರಿ ಏಳೆಂಟು ವರ್ಷ ಆದ ಮೇಲೆ. ಅದು ಬಿಲ್ಲೆಯಲ್ಲ, ಸೂರ್ಯನ ಚಿತ್ರ.

ಚಿತ್ರ ಅಂದ ಮೇಲೆ ಅಳೆಯಬಹುದಲ್ವಾ? ಚಿತ್ರದ ಅಗಲ ತೂತಿನಿಂದ ಅದಕ್ಕಿರುವ ದೂರದ ಎಷ್ಟನೇ ಒಂದು ಪಾಲೋ, ಸೂರ್ಯನ ಅಗಲವೂ ಅವನ ದೂರದ ಅಷ್ಟನೇ ಒಂದು ಪಾಲು. ಒಂದು ಏಪ್ರಿಲ್ ಮಧ್ಯಾಹ್ನ ಟೇಪು, ರಟ್ಟು ಹಿಡಿದು ಕೂತೆ. ಬೆಳಕು ನೇರವಾಗಿ ಬಡಿಯುವ ಹಾಗೆ ರಟ್ಟು ಹಿಡಿಯಬೇಕು. ಹೊತ್ತು ವಾಲಿದ ಮೇಲೆ ನೆಲದ ಬಿಲ್ಲೆ ಮೊಟ್ಟೆಯ ಹಾಗೆ ಉದ್ದವಾಗುತ್ತದೆ, ಅದನ್ನು ಅಳೆದರೆ ಲೆಕ್ಕ ಕೆಟ್ಟಿತು. ತೂತಿನಿಂದ ರಟ್ಟಿಗೆ 3.2 ಮೀಟರ್. ಬಿಲ್ಲೆಯ ಅಗಲ 38 ಮಿಲಿಮೀಟರ್. ಭಾಗಿಸಿದರೆ ಬಂದದ್ದು 84. ಪುಸ್ತಕದ ಲೆಕ್ಕದಲ್ಲಿ 107ರ ಹತ್ತಿರ ಬರಬೇಕಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ತಪ್ಪು ತೂತಿನದೇ. ಅದು ಸುಮಾರು 8 ಮಿಲಿಮೀಟರ್ ಅಗಲ ಇತ್ತು. ಆ ಅಗಲವೂ ಬಿಲ್ಲೆಗೆ ಸೇರಿಕೊಂಡು ಅಂಚು ಮಸುಕಾಗಿತ್ತು. ಏಣಿ ಹಾಕಿ ಹತ್ತಿ, ಚಾಕೊಲೇಟಿನ ಬೆಳ್ಳಿ ಹಾಳೆ ಅಂಟಿಸಿ, ಅದರಲ್ಲಿ 2 ಮಿಲಿಮೀಟರಿನ ತೂತು ಮಾಡಿದೆ. ‘ಮುಚ್ಚೋಕೆ ಹತ್ತಿದೋನು ಇನ್ನೊಂದು ತೂತು ಮಾಡಿ ಇಳಿದ’ ಅಂತ ಅಮ್ಮ ಇವತ್ತಿಗೂ ಹೇಳುತ್ತಾರೆ. ಈ ಸಲ ಬಿಲ್ಲೆ 32 ಮಿಲಿಮೀಟರ್. ತೂತಿನ 2 ಕಳೆದರೆ 30. ಭಾಗಿಸಿದರೆ 106 ಚಿಲ್ಲರೆ. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರ್. ಅದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸೂರ್ಯನ ಅಗಲ 14 ಲಕ್ಷ ಕಿಲೋಮೀಟರ್. ನಿಜವಾದದ್ದು 13 ಲಕ್ಷ 92 ಸಾವಿರ. ಅಡಿಕೆ ಕೋಣೆಯಲ್ಲಿ ಕೂತು ಇಷ್ಟು ಹತ್ತಿರ ಬಂದದ್ದಕ್ಕೆ ಅವತ್ತು ಎರಡು ಲೋಟ ಕಾಫಿ ಜಾಸ್ತಿ ಕುಡಿದೆ.

ಆದರೆ ಒಂದು ಮೋಸ ಇದೆ. ಆ 15 ಕೋಟಿ ನಾನು ಅಳೆದದ್ದಲ್ಲ, ಸಾಲ ತಂದದ್ದು. ತೂತು ಹೇಳುವುದು ಇಷ್ಟೇ: ಸೂರ್ಯ ಎಷ್ಟು ಅಗಲವೋ ಅದರ 107 ಪಟ್ಟು ದೂರದಲ್ಲಿದ್ದಾನೆ. ಆ ದೂರವನ್ನು ಕಂಡುಹಿಡಿಯಲು 1761 ಮತ್ತು 1769ರಲ್ಲಿ ಜನ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗಿದ್ದರು. ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ಬೇರೆ ಬೇರೆ ಊರಿನಿಂದ ನೋಡಿ ಲೆಕ್ಕ ಹಾಕಿದರು. ಕ್ಯಾಪ್ಟನ್ ಕುಕ್ ತಾಹಿತಿ ದ್ವೀಪಕ್ಕೆ ಹೋಗಿದ್ದು ಇದಕ್ಕೇ. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಬಡಿದು ವಾಪಸು ಬರುವ ಹೊತ್ತನ್ನು ಅಳೆದ ಮೇಲೆ ಜಗಳವೇ ಮುಗಿಯಿತು. ಶುಕ್ರ ಹಾಗೆ ಹಾದುಹೋಗುವುದನ್ನು ನಾವೂ 2012ರ ಜೂನ್ 6ರಂದು ನೋಡಬೇಕು ಅಂತ ಬೆಳಗಿನ ಜಾವವೇ ಎದ್ದು ಕಾದಿದ್ದೆವು. ಮಲೆನಾಡಿನ ಜೂನ್! ಮೋಡ ನೋಡಿ, ತಿಂಡಿ ತಿಂದು, ಸ್ಕೂಲಿಗೆ ಹೋದೆವು. ಮುಂದಿನದು 2117ರಲ್ಲಿ.

ತೂತಿನ ಲೆಕ್ಕದಿಂದ ನನಗೆ ಒಂದು ವಿಷಯ ತಲೆಗೆ ಹೋಯಿತು. ಆಕಾಶದಲ್ಲಿ ನಮಗೆ ಮೊದಲು ಸಿಗುವುದು ಕಿಲೋಮೀಟರ್ ಅಲ್ಲ, ಕೋನ. ‘ಚಂದ್ರ ಎಷ್ಟು ದೊಡ್ಡದು ಕಾಣತ್ತೆ?’ ಅಂತ ಮಕ್ಕಳನ್ನು ಕೇಳಿದೆ. ಒಬ್ಬ ‘ತಟ್ಟೆಯಷ್ಟು’ ಅಂದ. ಇನ್ನೊಬ್ಬಳು ‘ಹೋಳಿಗೆಯಷ್ಟು’. ಎಷ್ಟು ದೂರದಲ್ಲಿಟ್ಟ ಹೋಳಿಗೆ ಅಂತ ಕೇಳಿದರೆ ಉತ್ತರ ಇಲ್ಲ. ದೂರ ಹೇಳದೆ ಗಾತ್ರ ಹೇಳಿದರೆ ಅರ್ಥವೇ ಇಲ್ಲ ಅಂತ ಅಲ್ಲೇ ಗೊತ್ತಾಯಿತು.

ಹಾಗಾಗಿ ಕೈಯಿಂದಲೇ ಶುರು ಮಾಡಿದೆವು. ತೋಳು ಪೂರ್ತಿ ಚಾಚಿ ಹಿಡಿದರೆ ಕಿರುಬೆರಳಿನ ಅಗಲ ಹೆಚ್ಚು ಕಡಿಮೆ ಒಂದು ಡಿಗ್ರಿ. ಮುಷ್ಟಿ ಹತ್ತು ಡಿಗ್ರಿ. ಗೇಣು ಇಪ್ಪತ್ತರ ಆಸುಪಾಸು. ಮಕ್ಕಳ ಕೈ ಸಣ್ಣದು, ತೋಳೂ ಗಿಡ್ಡ, ಲೆಕ್ಕ ಸರಿಹೋಗುತ್ತದೆ. ಸಪ್ತರ್ಷಿ ಮಂಡಲದಲ್ಲಿ ಧ್ರುವ ನಕ್ಷತ್ರಕ್ಕೆ ದಾರಿ ತೋರಿಸುವ ಎರಡು ನಕ್ಷತ್ರಗಳ ನಡುವೆ ಮೂರು ಬೆರಳು, ಅಂದರೆ ಐದು ಡಿಗ್ರಿ. ಚಂದ್ರ? ಅರ್ಧ ಡಿಗ್ರಿ, ಕಿರುಬೆರಳಿನ ಅರ್ಧ. ಯಾರೂ ನಂಬಲಿಲ್ಲ. ಗುಡ್ಡದ ಮೇಲೆ ಹುಟ್ಟುವಾಗ ಅಷ್ಟು ದೊಡ್ಡದಾಗಿ ಕಾಣುವ ಚಂದ್ರನನ್ನೂ ಬೆರಳು ಮುಚ್ಚಿಬಿಡುತ್ತದೆ. ಸೂರ್ಯನೂ ಅಷ್ಟೇ ಅರ್ಧ ಡಿಗ್ರಿ. ಅದನ್ನು ಬೆರಳಿಟ್ಟು ನೋಡಬೇಡಿ, ಕಣ್ಣು ಹೋಗುತ್ತದೆ. ಆಗುಂಬೆಯ ಸೂರ್ಯಾಸ್ತಕ್ಕೆ ಹೋದಾಗ ನಾನು ವಾಚ್ ಹಿಡಿದು ನಿಂತಿದ್ದೆ. ಕೆಳಗಿನ ಅಂಚು ತಾಗಿದಾಗಿನಿಂದ ಪೂರ್ತಿ ಮುಳುಗುವವರೆಗೆ ಎರಡು ನಿಮಿಷದ ಮೇಲೆ ಸ್ವಲ್ಪ. ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ, ಹಾಗಾಗಿ ಅರ್ಧ ಡಿಗ್ರಿ ಸರಿಯಾಯಿತು. ಸುತ್ತಲಿದ್ದವರೆಲ್ಲ ಫೋಟೋ ತೆಗೆಯುತ್ತಿದ್ದರು.

ಆಮೇಲೆ ಬಂದದ್ದು ಅಡಿಕೆ. ಭೂಮಿಯ ಅಗಲ 12,742 ಕಿಲೋಮೀಟರ್, ಚಂದ್ರನದು 3,474. ಎರಡು ಸೆಂಟಿಮೀಟರಿನ ಒಣಗಿದ ಅಡಿಕೆ ಭೂಮಿ ಆದರೆ, ಚಂದ್ರ ಐದೂವರೆ ಮಿಲಿಮೀಟರ್. ಅಂದರೆ ದಪ್ಪನೆಯ ಒಂದು ಮೆಣಸಿನ ಕಾಳು. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿಯೇ ಹಬ್ಬಿರುವುದು, ಇದಕ್ಕಿಂತ ಒಳ್ಳೇ ಜೋಡಿ ಎಲ್ಲಿ ಸಿಗಬೇಕು! ಎಷ್ಟು ದೂರ ಇಡಬೇಕು ಅಂತ ಕೇಳಿದರೆ ಎಲ್ಲರೂ ಒಂದು ಗೇಣಿನ ಒಳಗೇ ಇಡುತ್ತಾರೆ. ಇಡಬೇಕಾದದ್ದು 60 ಸೆಂಟಿಮೀಟರ್, ಮೂವತ್ತು ಅಡಿಕೆ ಸಾಲಾಗಿ ಹಿಡಿಸುವಷ್ಟು. ಅದೇ ಮೆಣಸಿನ ಕಾಳನ್ನು ಹುಣ್ಣಿಮೆ ದಿನ ಕಣ್ಣಿನಿಂದ 60 ಸೆಂಟಿಮೀಟರ್ ದೂರ ಹಿಡಿದರೆ ಚಂದ್ರ ಪೂರ್ತಿ ಮುಚ್ಚಿಹೋಗುತ್ತದೆ. ಇದನ್ನು ನೀವೂ ಮಾಡಿ ನೋಡಿ.

ಈ ಅಳತೆಯಲ್ಲಿ ಸೂರ್ಯ 2.2 ಮೀಟರ್ ಅಗಲ. ಸ್ಕೂಲಿನ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಗುಂಡು ಬರೆದೆವು. ಅಡಿಕೆ ಹಿಡಿದವಳು ಅಲ್ಲಿಂದ 235 ಮೀಟರ್ ದೂರ ನಿಲ್ಲಬೇಕು. ತೆಂಗಿನ ನಾರಿನ ಹಗ್ಗದಲ್ಲಿ ಅಳೆಯೋಣ ಅಂತ ಹೊರಟು ಪೇಚಿಗೆ ಸಿಕ್ಕಿದೆ. ಬೆಳಗಿನ ಇಬ್ಬನಿಗೆ ನೆನೆದ ಹಗ್ಗ ಮಧ್ಯಾಹ್ನಕ್ಕೆ ಬೇರೆ ಉದ್ದ ತೋರಿಸುತ್ತಿತ್ತು. ಕೊನೆಗೆ ನನ್ನ ಹಳೇ ಸೈಕಲ್ಲಿನ ಚಕ್ರಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ, ಸುತ್ತು ಎಣಿಸಿದೆವು. ಒಂದು ಸುತ್ತು 2.2 ಮೀಟರ್. ಭೂಮಿ ಸಿಕ್ಕಿದ್ದು 107ನೇ ಸುತ್ತಿಗೆ. ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಹೆಂಚಿನ ತೂತಿನ ಅದೇ 107! ಆಮೇಲೆ ಹೊಳೆಯಿತು: ಚಕ್ರದ ಒಂದು ಸುತ್ತು ನಮ್ಮ ಗೋಡೆಯ ಸೂರ್ಯನಷ್ಟೇ ಅಗಲ, ಬೇರೆ ಸಂಖ್ಯೆ ಬರುವುದು ಹೇಗೆ? (108 ಅಂತ ಹೇಳಿ ಜಪಮಾಲೆಗೆ ಜೋಡಿಸುವವರಿದ್ದಾರೆ. ನಾನು ಆ ಕಡೆ ಹೋಗುವುದಿಲ್ಲ.)

ಬುಧ 41 ಸುತ್ತು, ಶುಕ್ರ 77, ಮಂಗಳ 163. ಅಲ್ಲಿಗೆ ಎಣಿಸುವ ಹುಡುಗನಿಗೆ ಸಾಕಾಯಿತು. ಗುರುವಿಗೆ 560 ಸುತ್ತು ಆಗಬೇಕು. ‘ಸಾರ್, ಬೈಕ್ ಮೀಟರ್ ನೋಡೋಣ’ ಅಂದ. ನಾನು ಪುಸ್ತಕದಲ್ಲಿ ಹತ್ತು ಸಲ ಓದಿಸಿದ್ದು ಅವನಿಗೆ ಕಾಲಿನಲ್ಲಿ ಅರ್ಥವಾಗಿತ್ತು. ಸಂಖ್ಯೆ ಬಾಯಲ್ಲಿ ಹಿಡಿಸದೆ ಹೋದರೆ ಅಳತೆಗೋಲು ಬದಲಾಯಿಸಬೇಕು. ಖಗೋಳದವರು ಮಾಡಿದ್ದೂ ಅದೇ. ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರವನ್ನೇ ಒಂದು ಖಗೋಳಮಾನ ಅಂದರು. 2012ರಲ್ಲಿ ಅದನ್ನು 14,95,97,870.7 ಕಿಲೋಮೀಟರ್ ಅಂತ ಗಟ್ಟಿ ಮಾಡಿಬಿಟ್ಟರು. ಗುರು 5.2, ಶನಿ 9.6, ಯುರೇನಸ್ 19, ನೆಪ್ಚೂನ್ 30. ಎಷ್ಟು ಸಲೀಸು ನೋಡಿ.

ಬೈಕಿನ ಹಿಂದೆ ನಡೆದು ಹೋದೆವು. ಫುಟ್‌ಬಾಲ್ ಗಾತ್ರದ ಗುರು 1.2 ಕಿಲೋಮೀಟರಿಗೆ. ಶನಿಗೆ ಚಕ್ಕೋತ ಹಣ್ಣು, 2.2 ಕಿಲೋಮೀಟರಿಗೆ. ಯುರೇನಸ್‌ಗೆ ತಂದಿದ್ದ ಮೂಸಂಬಿಯನ್ನು ನಾಲ್ಕೂವರೆ ಕಿಲೋಮೀಟರ್ ಮುಟ್ಟುವ ಮೊದಲೇ ಯಾರೋ ತಿಂದಿದ್ದರು, ಸಿಪ್ಪೆ ಇಟ್ಟು ಮುಂದೆ ಹೋದೆವು. ನೆಪ್ಚೂನ್ ಏಳನೇ ಕಿಲೋಮೀಟರಿನಲ್ಲಿ, ಒಂದು ಗೂಡಂಗಡಿಯ ಹತ್ತಿರ. ಎರಡೂವರೆ ಗಂಟೆ ಹಿಡಿಯಿತು. ನಮ್ಮ ಅಳತೆಯಲ್ಲಿ ಬೆಳಕು ಸೆಕೆಂಡಿಗೆ 47 ಸೆಂಟಿಮೀಟರ್ ಮಾತ್ರ ಹೋಗುತ್ತದೆ, ನೆಪ್ಚೂನಿಗೆ ನಾಲ್ಕು ಗಂಟೆಯ ಮೇಲೆ ಬೇಕು. ಬೆಳಕನ್ನು ಸೋಲಿಸಿದೆವು ಅಂತ ಮಕ್ಕಳು ಕುಣಿದರು.

ಅಂಗಡಿಯಲ್ಲಿ ಶರಬತ್ತು ಕುಡಿಯುವಾಗ ಒಬ್ಬಳು ಕೇಳಿದಳು: ಮುಂದಿನ ನಕ್ಷತ್ರ ಎಲ್ಲಿಡೋದು? ಅಲ್ಲೇ ಲೆಕ್ಕ ಹಾಕಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿ 63,000 ಕಿಲೋಮೀಟರ್ ದೂರ ಬಂತು. ಅಡಿಕೆಯ ಭೂಮಿ ಇಟ್ಟುಕೊಂಡು ನಿಜವಾದ ಭೂಮಿಯನ್ನು ಒಂದೂವರೆ ಸುತ್ತು ಹಾಕಬೇಕು. ಖಗೋಳಮಾನವೂ ಇಲ್ಲಿ ಕೈ ಕೊಟ್ಟಿತು, 2,68,000 ಆಗುತ್ತದೆ. ಮತ್ತೆ ಕೋಲು ಬದಲಾಯಿಸಬೇಕು.

ಜ್ಯೋತಿರ್ವರ್ಷ ಅಂದ ತಕ್ಷಣ ಮಕ್ಕಳು ಅದನ್ನು ಕಾಲ ಅಂದುಕೊಳ್ಳುತ್ತಾರೆ, ಪ್ರತಿ ವರ್ಷವೂ. ನಾನು ‘ಕೂಗಳತೆ’ ನೆನಪಿಸುತ್ತೇನೆ. ನಮ್ಮ ಕಡೆ ಒಂಟಿ ಮನೆಗಳೇ ಜಾಸ್ತಿ, ಪಕ್ಕದ ಮನೆ ಅಂದರೆ ಕೂಗಿದರೆ ಕೇಳುವಷ್ಟು ದೂರ. ಕೂಗಳತೆ ಅಂದಾಗ ಯಾರೂ ಅದನ್ನು ಕೂಗು ಅಂದುಕೊಳ್ಳುವುದಿಲ್ಲ, ದೂರ ಅಂತಲೇ ಗೊತ್ತು. ಇದು ಬೆಳಕಿನ ಕೂಗಳತೆ. ಒಂದು ವರ್ಷದಲ್ಲಿ ಬೆಳಕು ಓಡುವ ದೂರ, 9.46 ಲಕ್ಷ ಕೋಟಿ ಕಿಲೋಮೀಟರ್. ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ. ಡಿಸೆಂಬರ್ ರಾತ್ರಿ ನಮ್ಮ ಅಂಗಳದಿಂದ ಬರಿಗಣ್ಣಿಗೇ ಮಸುಕಾಗಿ ಕಾಣುವ ಆಂಡ್ರೊಮಿಡಾ ಗೆಲಾಕ್ಸಿ ಸುಮಾರು 25 ಲಕ್ಷ.

ನಕ್ಷತ್ರಗಳ ದೂರಕ್ಕೆ ಇನ್ನೊಂದು ಕೋಲೂ ಇದೆ, ಪಾರ್ಸೆಕ್. ಅದು ನನಗೂ ತುಂಬಾ ದಿನ ಅರ್ಥವಾಗಿರಲಿಲ್ಲ. 3.26 ಜ್ಯೋತಿರ್ವರ್ಷ ಅಂತ ಸುಮ್ನೆ ಬಾಯಿಪಾಠ. ಗದ್ದೆ ಕೊಯ್ಲಾದ ಮೇಲೆ ಒಂದು ಪ್ರಯೋಗ ಮಾಡಿದೆವು. ಬಯಲಿನ ಆ ತುದಿಯ ತೆಂಗಿನ ಮರವನ್ನು ದೂರದ ಗುಡ್ಡದ ಎದುರು ನೋಡಿ, ಹತ್ತು ಮೀಟರ್ ಪಕ್ಕಕ್ಕೆ ಸರಿದು ಮತ್ತೆ ನೋಡಿದರೆ ಮರ ಮೂರು ಬೆರಳು ಸರಿದಿತ್ತು. ಐದು ಡಿಗ್ರಿ. ಲೆಕ್ಕಕ್ಕೆ 115 ಮೀಟರ್, ಟೇಪಿಗೆ 108. ಪಾರ್ಸೆಕ್ ಅಂದರೆ ಇದೇ ಆಟ. ಪಕ್ಕಕ್ಕೆ ಸರಿಯುವುದು ಹತ್ತು ಮೀಟರಿನ ಬದಲು ಒಂದು ಖಗೋಳಮಾನ. ಆಗ ನಕ್ಷತ್ರ ಒಂದು ಆರ್ಕ್ ಸೆಕೆಂಡ್, ಅಂದರೆ ಡಿಗ್ರಿಯ 3,600ನೇ ಒಂದು ಪಾಲು ಸರಿದರೆ, ಅದು ಒಂದು ಪಾರ್ಸೆಕ್ ದೂರದಲ್ಲಿದೆ.

ಆರ್ಕ್ ಸೆಕೆಂಡ್ ಎಷ್ಟು ಸಣ್ಣದು ಅಂತ ತೋರಿಸಲು ಮತ್ತೆ ಅಡಿಕೆಯೇ ಬೇಕಾಯಿತು. ನಾಲ್ಕು ಕಿಲೋಮೀಟರ್ ದೂರದಲ್ಲಿಟ್ಟ ಒಂದು ಅಡಿಕೆಯ ಅಗಲ, ಅಷ್ಟೇ. ಪ್ರಾಕ್ಸಿಮಾ ಅಷ್ಟೂ ಸರಿಯುವುದಿಲ್ಲ. ಬೆಸ್ಸೆಲ್ ಅನ್ನುವ ಜರ್ಮನ್ ಖಗೋಳಜ್ಞರು 1838ರಲ್ಲಿ ಮೊದಲ ಸಲ ಒಂದು ನಕ್ಷತ್ರದ ದೂರವನ್ನು ಹೀಗೆ ಅಳೆದರು. ಅವರಿಗೆ ಸಿಕ್ಕಿದ್ದು 0.31 ಆರ್ಕ್ ಸೆಕೆಂಡ್. ಹದಿಮೂರು ಕಿಲೋಮೀಟರ್ ಆಚೆಯ ಅಡಿಕೆ ಅದು. 2013ರಲ್ಲಿ ಹಾರಿದ ಗಯಾ ಉಪಗ್ರಹ ನೂರು ಕೋಟಿಗೂ ಜಾಸ್ತಿ ನಕ್ಷತ್ರಗಳನ್ನು ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಅಳೆಯಿತು. ಆದರೂ ನನ್ನ ತಲೆಯಲ್ಲಿ ಕೂತಿರುವುದು ಬೆಸ್ಸೆಲ್ಲೇ. ಇದನ್ನು ಹೇಳಿದ ದಿನ ಸೈಕಲ್ ಸುತ್ತು ಎಣಿಸಿದ್ದ ಹುಡುಗ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಆಮೇಲೆ ಅಂದ: ‘ಸಾರ್, ಹದಿಮೂರು ಕಿಲೋಮೀಟರಿಗೆ ಅಡಿಕೆ ಇರ್ಲಿ, ಅಡಿಕೆ ತೋಟವೂ ಕಾಣಲ್ಲ.’