ಹಳ್ಳಿಯೂರಿನ ಹೆಲ್ಲರ್ ನೋಟು ಕೈಗೆ ಬಂದರೆ ಹೀಗೆ ನೋಡಿ

ನೋಟ್‌ಗೆಲ್ಡ್ (ಚಿಲ್ಲರೆಯ ಬರದಲ್ಲಿ ಜರ್ಮನಿ, ಆಸ್ಟ್ರಿಯಾದ ಊರುಗಳೇ ಹೊರಡಿಸಿದ ತುರ್ತು ನೋಟು) ಕೊಳ್ಳಲು ಬರುವ ಹೊಸಬರೆಲ್ಲ ಮೊದಲು ಚಿತ್ರ ನೋಡಿ ಮರುಳಾಗುತ್ತಾರೆ. ಚಿತ್ರ ಎಲ್ಲೂ ಓಡಿಹೋಗುವುದಿಲ್ಲ, ಮೊದಲು ಬರಹ ಓದಿ.

1914ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ಜನ ಬೆಳ್ಳಿ ನಾಣ್ಯ ಅಡಗಿಸಿಟ್ಟರು. ತಾಮ್ರ, ನಿಕ್ಕಲ್ ಮದ್ದುಗುಂಡಿಗೆ ಹೋಯಿತು. ಆಸ್ಟ್ರಿಯಾದಲ್ಲಿ 1918ರಲ್ಲಿ ಸಾಮ್ರಾಜ್ಯವೇ ಒಡೆದು, ಚಿಲ್ಲರೆಗೆ ಬರ ಬಂತು. 1920ರ ಹೊತ್ತಿಗೆ ಅಲ್ಲಿನ ಸಣ್ಣಪುಟ್ಟ ಹಳ್ಳಿಗಳೂ 10, 20, 50 ಹೆಲ್ಲರಿನ ಚೀಟಿ ಅಚ್ಚು ಹಾಕಿಸಿದವು. ಅಲ್ಲಿನ ಆಗಿನ ಹಣದಲ್ಲಿ 100 ಹೆಲ್ಲರಿಗೆ ಒಂದು ಕ್ರೋನ್. ಕಲಿಯಲು ಇವೇ ಒಳ್ಳೆಯವು, ಅಗ್ಗಕ್ಕೆ ಸಿಗುತ್ತವೆ.

ಊರಿನ ಹೆಸರು ಹುಡುಕಿ. 'ಗೆಮೈಂಡೆ' (ಊರಾಡಳಿತ) ಎಂದಿರುವ ಕಡೆ ಪಕ್ಕದಲ್ಲೇ ಇರುತ್ತದೆ. ಹಳೇ ಗೋಥಿಕ್ ಲಿಪಿಯಲ್ಲಿ 'ಎಸ್' ಅಕ್ಷರ 'ಎಫ್' ಥರ ಕಾಣುತ್ತದೆ, ಹುಷಾರು. ಹೆಸರಿನ ಬಾಲವನ್ನೂ ಬಿಡಬೇಡಿ: ಸಾಂಕ್ಟ್ ಗೆಯೋರ್ಗೆನ್ ಅನ್ನುವ ಊರುಗಳು ಬೇಕಾದಷ್ಟಿವೆ. 'ಆನ್ ಡೆರ್ ಗೂಸೆನ್' ಅಂದರೆ ಗೂಸೆನ್ ಹೊಳೆಯ ದಂಡೆಯದು, 'ಇಮ್ ಆಟ್ಟರ್‌ಗೌ' ಬೇರೆಯೇ ಊರು.

ಮುಂದೆ ಅವಧಿ. 'ಬಿಸ್' (ತನಕ) ಎಂಬ ಪದದ ನಂತರದ ತಾರೀಖೇ ನೋಟು ಕೊಟ್ಟು ಹಣ ಪಡೆಯುವ ಗಡುವು. ಅಷ್ಟರೊಳಗೆ ವಾಪಸು ಬಾರದ ನೋಟು ಊರಿಗೆ ಪುಕ್ಕಟೆ ಲಾಭ. ಈ ಗುಟ್ಟು ತಿಳಿದ ಜರ್ಮನ್ ಊರುಗಳು ಆಲ್ಬಮ್ಮಿಗೆಂದೇ ಅಂದದ ಸರಣಿಗಳನ್ನು ಹೊರಡಿಸಿದವು. ಬೀಲೆಫೆಲ್ಡ್ ರೇಷ್ಮೆಬಟ್ಟೆಯ ಮೇಲೂ ಮುದ್ರಿಸಿತು. 1922ರಲ್ಲಿ ಸರ್ಕಾರ ಸರಣಿಗಳಿಗೆ ತಡೆ ಹಾಕಿತು. ಗರಿಗರಿ ನೋಟಿಗೆ ಕ್ಯಾಟಲಾಗಿನಲ್ಲಿ ಬೆಲೆ ಜಾಸ್ತಿ, ಒಪ್ಪುತ್ತೇನೆ. ನನಗೆ ಮಾತ್ರ ನಾಲ್ಕು ಮಡಿಕೆಯ, ಮೂಲೆಯಲ್ಲಿ ಹೆಬ್ಬೆರಳಿನ ಎಣ್ಣೆಜಿಡ್ಡು ಹತ್ತಿದ 10 ಹೆಲ್ಲರೇ ಇಷ್ಟ. ಅದು ಅಂಗಡಿ ಗಲ್ಲಾ ಕಂಡಿದೆ.

ಹಣದುಬ್ಬರ ಮಿತಿಮೀರಿದ 1923ರ ಜರ್ಮನ್ ನೋಟಾದರೆ ಸೊನ್ನೆ ಎಣಿಸಿಯೇ ನಂಬಿ. ಅಲ್ಲಿನ 'ಬಿಲಿಯೋನ್' ನಮ್ಮ ಲೆಕ್ಕದಲ್ಲಿ ಲಕ್ಷ ಕೋಟಿ.

ಅಸಲಿಯೋ ಅಂತ ನೋಡಲು ಅಂಗಡಿಯವರು ಕಳ್ಳನೋಟು ಹಿಡಿಯುವ ಯುವಿ ಟಾರ್ಚಿನಿಂದ ಶುರುಮಾಡಿ. ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟಾಗ ಕಾಗದ ನೀಲಿಬಿಳುಪಾಗಿ ಹೊಳೆದರೆ ಈಚಿನದು. ಆ ಹೊಳಪಿನ ರಾಸಾಯನಿಕ ಆಗಿನ ಕಾಗದದಲ್ಲಿರಲಿಲ್ಲ. ಹೊಳೆಯದಿದ್ದರೆ ಅಸಲಿ ಅಂತಲ್ಲ, ಮುಂದೆ ಭೂತಗನ್ನಡಿ ಹಿಡಿಯಿರಿ. ಗೆರೆಗಳೆಲ್ಲ ಬಣ್ಣಬಣ್ಣದ ಪುಡಿಚುಕ್ಕಿಗಳಾಗಿ ಒಡೆದರೆ ಮನೆ ಪ್ರಿಂಟರಿನ ಕೆಲಸ ಇದ್ದೀತು.

ಇಡುವ ವಿಚಾರ. ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಖಂಡಿತ ಬೇಡ. ಪಿವಿಸಿ ಕವರು ಕಾಲ ಕಳೆದಂತೆ ಅಂಟಂಟಾಗಿ ನೋಟಿಗೆ ಹತ್ತಿಕೊಳ್ಳುತ್ತದೆ; ಪಾಲಿಯೆಸ್ಟರ್ ಕವರೇ ತನ್ನಿ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟು ನಂಬುವ ಹಾಗಿಲ್ಲ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಊರು, ಮೌಲ್ಯ, ಗಡುವು ಮೂರನ್ನೂ ಬೇರೆ ಚೀಟಿಯಲ್ಲಿ ಪೆನ್ಸಿಲ್ಲಿಂದ ಬರೆದು ಕವರಿನ ಹೊರಗೆ ಸಿಕ್ಕಿಸಿ.